ಚಿಕ್ಕ ಮಕ್ಕಳಿಗೆ ಫ್ಲೋರೈಡ್ ಪೇಸ್ಟ್: ಎಷ್ಟು ಹಾಕ್ಬೇಕು, ಹೆಂಗೆ ಉಜ್ಜಿಸ್ಬೇಕು

ಹುಳುಕು ತಡೆಯೋ ಫ್ಲೋರೈಡ್ ಇರೋ ಪೇಸ್ಟ್ ಮಗುಗೆ ಕೊಡ್ಬೋದಾ ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಕೇಳೋದು ಒಂದೇ, ಬ್ರಷ್ ಮೇಲೆ ಎಷ್ಟು ಹಾಕ್ತೀರಾ? ಜಾಹೀರಾತಲ್ಲಿ ಈ ತುದಿಯಿಂದ ಆ ತುದಿವರೆಗೂ ಅಲೆ ಅಲೆಯಾಗಿ ಹಿಂಡ್ತಾರಲ್ಲ, ಅದನ್ನ ನೋಡಿ ನೋಡಿ ನಮ್ಮ ಕೈಗೂ ಅದೇ ಅಭ್ಯಾಸ ಆಗಿದೆ, ಮಕ್ಕಳ ಬ್ರಷ್‌ಗೂ ಹಂಗೇ ಹಿಂಡ್ತೀವಿ. ಅಲ್ಲೇ ಎಡವೋದು.

ಅಳತೆ ಮೊದ್ಲು ಹೇಳ್ಬಿಡ್ತೀನಿ. ಮೊದಲ ಹಲ್ಲು ಬಂದ ದಿನದಿಂದ 3 ವರ್ಷ ಆಗೋವರೆಗೂ ಒಂದು ಅಕ್ಕಿಕಾಳಿನಷ್ಟು, 3 ರಿಂದ 6 ವರ್ಷದವರೆಗೆ ಬಟಾಣಿ ಕಾಳಿನಷ್ಟು, ದಿನಕ್ಕೆ 2 ಸಲ. ಅಕ್ಕಿಕಾಳು ಅಂದ್ರೆ ಸುಮಾರು 0.1 ಗ್ರಾಂ, ಬಟಾಣಿ ಅಂದ್ರೆ 0.25 ಗ್ರಾಂ. 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 1000 ಭಾಗ) ಪೇಸ್ಟ್ ಆದ್ರೆ ಒಂದು ಗ್ರಾಂನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇರುತ್ತೆ, ಅಂದ್ರೆ ಅಕ್ಕಿಕಾಳಿನಷ್ಟು ಹಾಕಿ ಮಗು ಪೂರ್ತಿ ನುಂಗಿದ್ರೂ ಹೊಟ್ಟೆಗೆ ಹೋಗೋದು 0.1 ಮಿಲಿಗ್ರಾಂ ಅಷ್ಟೆ. ಅದೇ ಬ್ರಷ್ ತುಂಬ ಹಾಕಿದ್ರೆ ಹತ್ತತ್ರ ಒಂದು ಗ್ರಾಂ ಆಗುತ್ತೆ, ಎರಡು ಹೊತ್ತೂ ನುಂಗಿದ್ರೆ ದಿನಕ್ಕೆ 2 ಮಿಲಿಗ್ರಾಂ. ಅಮೆರಿಕದವ್ರ ಲೆಕ್ಕದಲ್ಲಿ 1 ರಿಂದ 3 ವರ್ಷದ ಮಗುಗೆ ನೀರು, ಊಟ, ಪೇಸ್ಟ್ ಎಲ್ಲಾ ಸೇರಿ ದಿನಕ್ಕೆ 1.3 ಮಿಲಿಗ್ರಾಂ ದಾಟಬಾರ್ದು, ಇಲ್ಲಿ ಬರೀ ಪೇಸ್ಟೇ ಅದನ್ನ ದಾಟಿಸ್ತಾ ಇದೆ ನೋಡಿ.

ಹಂಗಾದ್ರೆ ಫ್ಲೋರೈಡೇ ಬೇಡ ಅಂತ ಬಿಟ್ರೆ ಆಯ್ತಲ್ವಾ ಅಂತೀರಾ? ನಾನೂ ಹಂಗೇ ಅಂದ್ಕೊಂಡಿದ್ದೆ. ನಮ್ಮ ದೊಡ್ಡವನಿಗೆ ಎರಡೂವರೆ ವರ್ಷದವರೆಗೂ ಫ್ಲೋರೈಡ್ ಇಲ್ದೇ ಇರೋ ಪೇಸ್ಟೇ ತರ್ತಿದ್ದೆ, ನುಂಗಿದ್ರೂ ಭಯ ಇಲ್ಲ ಅಂತ ಹೆಮ್ಮೆ ಬೇರೆ. ಒಂದಿನ ಜ್ವರಕ್ಕೆ ಅಂತ ಕರ್ಕೊಂಡು ಹೋದಾಗ ಡಾಕ್ಟರ್ ಅವನ ಮೇಲ್ದುಟಿನ ಬೆರಳಲ್ಲಿ ಎತ್ತಿ ತೋರ್ಸಿದ್ರು, ಮುಂದಿನ ನಾಲ್ಕೂ ಹಲ್ಲಿನ ಬುಡದಲ್ಲಿ, ಒಸಡಿಗೆ ಅಂಟಿಕೊಂಡ ಹಾಗೆ, ಸೀಮೆಸುಣ್ಣದಲ್ಲಿ ಗೆರೆ ಎಳೆದಂಗೆ ಬಿಳಿ ಪಟ್ಟಿ, ಹುಳುಕಿನ ಮೊದಲ ಗುರುತು. ರಾತ್ರಿ ಬಾಟ್ಲಿ ಬಾಯಲ್ಲಿ ಇಟ್ಕೊಂಡೇ ಮಲಗ್ತಾನಾ ಅಂತ ಕೇಳಿದ್ರು. ಹೂಂ ಅಂದೆ. ತುಟಿ ಎತ್ತಿ ನೋಡೋದು ಅಂತ ಒಂದಿದೆ ಅನ್ನೋದೇ ನನಗೆ ಗೊತ್ತಿರ್ಲಿಲ್ಲ.

ಒಳಗೆ ನಡೆಯೋದು ಇಷ್ಟು. ಬಾಯಲ್ಲಿರೋ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಸಿಡ್ ಬಿಡುತ್ತೆ, ಪಿಎಚ್ (ಹುಳಿಯ ಅಳತೆ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗೆ ಇಳಿದ್ರೆ ಹಲ್ಲಿನ ಗಟ್ಟಿ ಹೊರಪದರ ಎನಾಮಲ್‌ನಿಂದ ಕ್ಯಾಲ್ಸಿಯಂ ಕರಗಿ ಹೋಗೋಕೆ ಶುರು, ಆಮೇಲೆ ಜೊಲ್ಲು ಆ ಆಸಿಡ್‌ನ ತೊಳೆದು ಕ್ಯಾಲ್ಸಿಯಂ ವಾಪಸ್ ಕೂರಿಸುತ್ತೆ. ಈ ಕರಗೋದು ಕೂರೋದು ದಿನವಿಡೀ ನಡೀತಾನೇ ಇರುತ್ತೆ. ಹಲ್ಲಿನ ಮೇಲೆ ಫ್ಲೋರೈಡ್ ಇದ್ರೆ ವಾಪಸ್ ಕೂರೋ ಕೆಲಸ ಬೇಗ ಆಗುತ್ತೆ, ಹೊಸದಾಗಿ ಕೂತ ಪದರ ಮೊದಲಿಗಿಂತ ಗಟ್ಟಿ, ಪಿಎಚ್ ಸುಮಾರು 4.5ಕ್ಕೆ ಇಳಿಯೋವರೆಗೂ ತಡ್ಕೊಳುತ್ತೆ. ಮುಖ್ಯ ವಿಷ್ಯ ಏನಂದ್ರೆ ಫ್ಲೋರೈಡ್ ಕೆಲಸ ಮಾಡೋದು ಹೆಚ್ಚಾಗಿ ಹಲ್ಲಿನ ಮೇಲೆ ನಿಂತು, ಹೊಟ್ಟೆಗೆ ಹೋಗಿ ಅಲ್ಲ. ಹಾಗಾಗಿ ನುಂಗ್ಲೇಬೇಕು ಅಂತೇನಿಲ್ಲ, ಹಲ್ಲಿಗೆ ತಾಗಿದ್ರೆ ಸಾಕು. ಗುಳಿ ಬೀಳೋಕೆ ಮುಂಚಿನ ಬಿಳಿ ಪಟ್ಟಿ ಆದ್ರೆ ಅಲ್ಲೇ ನಿಲ್ಲಿಸೋಕೆ ಆಗುತ್ತೆ, ನಮ್ಮವನದ್ದು ನಿಂತ್ತು, ಫ್ಲೋರೈಡ್ ವಾರ್ನಿಶ್ (ದಂತವೈದ್ಯರು ಹಲ್ಲಿಗೆ ಹಚ್ಚೋ ಲೇಪ) ಹಚ್ಚಿಸಿ ರಾತ್ರಿ ಬಾಟ್ಲಿ ಬಿಡಿಸಿದ್ವಿ, ಆ ಬಾಟ್ಲಿ ಬಿಡ್ಸೋ ಕಥೆ ಬೇಡ ಬಿಡಿ.

ಪೇಸ್ಟ್ ತಗೊಳೋವಾಗ ಡಬ್ಬಿ ಮೇಲಿನ ಕಾರ್ಟೂನ್ ನೋಡ್ಬೇಡಿ, ಹಿಂದೆ ಸಣ್ಣ ಅಕ್ಷರದಲ್ಲಿ ಪಿಪಿಎಂ ಎಷ್ಟಿದೆ ನೋಡಿ. ಮಕ್ಕಳದ್ದು ಅಂತ ಮಾರೋ ಎಷ್ಟೋ ಪೇಸ್ಟಲ್ಲಿ 500 ಇರುತ್ತೆ, ಕೆಲವದ್ರಲ್ಲಿ ಏನೂ ಇರಲ್ಲ. ಹುಳುಕು ತಡೆಯೋದು ಚೆನ್ನಾಗಿ ಸಾಬೀತಾಗಿರೋದು 1000 ಮತ್ತು ಅದಕ್ಕಿಂತ ಮೇಲಿನದ್ರಲ್ಲಿ. ಪಿಪಿಎಂ ಬರೆದಿಲ್ಲ ಅಂದ್ರೆ ಸೋಡಿಯಂ ಫ್ಲೋರೈಡ್ 0.22 ಪರ್ಸೆಂಟ್ ಅಥವಾ ಸೋಡಿಯಂ ಮೋನೋಫ್ಲೋರೋಫಾಸ್ಫೇಟ್ 0.76 ಪರ್ಸೆಂಟ್ ಅಂತ ಇದ್ರೆ ಎರಡೂ ಹೆಚ್ಚುಕಮ್ಮಿ 1000 ಪಿಪಿಎಂಗೆ ಸಮ. ನನ್ನ ಕೇಳಿದ್ರೆ 500ರದ್ದು ದಂಡಿಯಾಗಿ ಹಾಕೋದಕ್ಕಿಂತ 1000ದ್ದು ಅಕ್ಕಿಕಾಳಿನಷ್ಟು ಹಾಕೋದು ಎಷ್ಟೋ ವಾಸಿ. ಮಿಠಾಯಿ ಥರ ಸಿಹಿಯಾಗಿರೋ ಫ್ಲೇವರ್ ತರಬೇಡಿ, ಮಗು ಅದನ್ನ ತಿಂಡಿ ಅಂದ್ಕೊಳುತ್ತೆ.

ಈಗ ಉಜ್ಜಿಸೋದು. ಪೇಸ್ಟ್ ನೀವೇ ಹಾಕಿ, ಟ್ಯೂಬ್ ಮಗು ಕೈಗೆ ಕೊಡಲೇಬೇಡಿ. ಉದ್ದಕ್ಕೆ ಹಾಕದೆ ಬ್ರಷ್‌ಗೆ ಅಡ್ಡಡ್ಡ ಒಂಚೂರು ಸವರಿ, ಬೆರಳಲ್ಲಿ ಎಳೆಗಳ ಒಳಗೆ ಒತ್ತಿಬಿಡಿ, ಮೇಲೆ ಉಂಡೆ ಥರ ಕೂತಿದ್ರೆ ಬ್ರಷ್ ಬಾಯಿಗೆ ಹೋದ ತಕ್ಷಣ ನೆಕ್ಕಿ ಮುಗಿಸ್ತಾರೆ. ಮಗುನ ನಿಮ್ಮ ಮುಂದೆ ನಿಲ್ಸಿ ಉಜ್ಜೋಕೆ ಹೋದ್ರೆ ಮೇಲಿನ ಹಲ್ಲು ಕಾಣೋದೇ ಇಲ್ಲ. ನೆಲದ ಮೇಲೆ ಕೂತು ತಲೆ ನಿಮ್ಮ ತೊಡೆ ಮೇಲೆ ಬರೋ ಹಾಗೆ ಮಲಗಿಸ್ಕೊಳಿ, ಎಡಗೈ ಬೆರಳಲ್ಲಿ ತುಟಿ ಎತ್ತಿ ಹಿಡೀರಿ, ಬಲಗೈಲಿ ಒಸಡು ಹಲ್ಲು ಸೇರೋ ಗೆರೆ ಮೇಲೆ ಮೆಲ್ಲಗೆ ಸಣ್ಣ ಸಣ್ಣದಾಗಿ ಸುತ್ತಿಸಿ. ತುಂಬ ಒದ್ದಾಡೋ ಮಗು ಆದ್ರೆ ಇಬ್ರು ಮಂಡಿಗೆ ಮಂಡಿ ತಾಗಿಸಿ ಎದುರುಬದುರು ಕೂತ್ಕೊಳಿ, ಒಬ್ರ ತೊಡೆ ಮೇಲೆ ತಲೆ, ಇನ್ನೊಬ್ರ ಕಡೆ ಕಾಲು, ಅವ್ರು ಕೈ ಹಿಡ್ಕೊಂಡಿರ್ಲಿ. ಅತ್ರೆ ಬಾಯಿ ತೆರೆಯುತ್ತಲ್ಲ, ಉಜ್ಜೋಕೆ ಸುಲಭ ಅಂದ್ಕೊಳಿ. ತಾನೇ ಉಜ್ತೀನಿ ಅಂತ ಹಠ ಮಾಡಿದ್ರೆ ಮೊದ್ಲು ಅವ್ರ ಸರದಿ, ಆಮೇಲೆ ನಿಮ್ಮದು. 7-8 ವರ್ಷದವರೆಗೂ ಒಂದು ಸಲ ನಿಮ್ಮ ಕೈ ಬೀಳ್ಬೇಕು. 6ನೇ ವರ್ಷದ ಹೊತ್ತಿಗೆ ಕೊನೆ ಹಾಲು ಹಲ್ಲಿನ ಹಿಂದೆ ಒಂದು ದವಡೆ ಹಲ್ಲು ಸದ್ದಿಲ್ದೆ ಬರುತ್ತೆ, ಏನೂ ಬಿದ್ದಿರಲ್ಲ ಅಲ್ವಾ, ಅದಕ್ಕೆ ಗಮನಕ್ಕೇ ಬರಲ್ಲ. ಅದು ಶಾಶ್ವತ ಹಲ್ಲು, ಬ್ರಷ್ ಅಲ್ಲಿವರೆಗೂ ಹೋಗ್ಲಿ.

ರಾತ್ರಿ ಉಜ್ಜಿದ ಮೇಲೆ ಉಗುಳಿಸಿ, ಆದ್ರೆ ನೀರು ಹಾಕಿ ಗಳಗಳ ಅಂತ ಮುಕ್ಕಳಿಸೋದು ಬೇಡ, ಹಲ್ಲಿನ ಮೇಲೆ ಉಳಿಯೋ ಚೂರು ಫ್ಲೋರೈಡ್ ಹೊರಟು ಹೋಗುತ್ತೆ. ಮಲಗಿದಾಗ ಜೊಲ್ಲು ಕಮ್ಮಿ ಆಗೋದ್ರಿಂದ ರಾತ್ರಿ ಉಜ್ಜೋದು ತಪ್ಪಿಸ್ಲೇಬಾರ್ದು, ಆಮೇಲೆ ನೀರು ಬಿಟ್ಟು ಬೇರೇನೂ ಬೇಡ. ಉಗುಳೋಕೆ ಬರದ ಪುಟಾಣಿಗಳಿಗೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ರೂ ಆಯ್ತು.

ಅಪಾಯದ ವಿಷ್ಯ. ಹಾಲು ಹಲ್ಲು ಬಾಯಲ್ಲಿ ಇರೋವಾಗಲೇ ಒಸಡಿನ ಒಳಗೆ ಶಾಶ್ವತ ಹಲ್ಲು ತಯಾರಾಗ್ತಿರುತ್ತೆ, ಆ ಸಮಯದಲ್ಲಿ ದಿನಾ ದಿನಾ ಜಾಸ್ತಿ ಫ್ಲೋರೈಡ್ ನುಂಗಿದ್ರೆ ಎನಾಮಲ್ ಸರಿಯಾಗಿ ಗಟ್ಟಿಯಾಗಲ್ಲ, ಅದೇ ಫ್ಲೋರೋಸಿಸ್. ಬಾಯಿ ಮುಂಭಾಗದ ಶಾಶ್ವತ ಹಲ್ಲಿಗೆ ಮೊದಲ 3 ವರ್ಷ ತುಂಬ ಸೂಕ್ಷ್ಮ, 8 ದಾಟಿದ್ಮೇಲೆ ಹೊಸದಾಗಿ ಬರೋ ಚಿಂತೆ ಇಲ್ಲ. ಪೇಸ್ಟಿಂದ ಬಂದ್ರೆ ಸಾಮಾನ್ಯವಾಗಿ ತೆಳ್ಳನೆ ಬಿಳಿ ಗೆರೆ, ಮೋಡದಂಥ ಕಲೆ, ಎಡಕ್ಕೂ ಬಲಕ್ಕೂ ಜೋಡಿ ಹಲ್ಲಲ್ಲಿ ಒಂದೇ ಥರ ಕಾಣುತ್ತೆ. ಕಂದು ಬಣ್ಣ, ಗುಂಡಿ ಬೀಳೋದೆಲ್ಲ ಹೆಚ್ಚಾಗಿ ನೀರಲ್ಲೇ ಫ್ಲೋರೈಡ್ ಜಾಸ್ತಿ ಇರೋ ಕಡೆ. ಅದಕ್ಕೆ ಬೋರ್‌ವೆಲ್ ನೀರು ಕುಡಿಯೋವ್ರು ಒಂದ್ಸಲ ಟೆಸ್ಟ್ ಮಾಡ್ಸಿ, ಡಬ್ಲ್ಯುಎಚ್‌ಒ ಹೇಳೋ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಅದಕ್ಕಿಂತ ಜಾಸ್ತಿ ಬಂದ್ರೆ ಮೊದ್ಲು ನೀರು ಬದಲಿಸಿ, ಪೇಸ್ಟ್ ಬಗ್ಗೆ ದಂತವೈದ್ಯರನ್ನ ಕೇಳಿ. ಫ್ಲೋರೈಡಿಂದ ಮಕ್ಕಳ ಐಕ್ಯೂ ಕಮ್ಮಿ ಆಗುತ್ತೆ ಅಂತ ಫಾರ್ವರ್ಡ್ ಬರುತ್ತಲ್ಲ, ಅಮೆರಿಕದ ನ್ಯಾಷನಲ್ ಟಾಕ್ಸಿಕಾಲಜಿ ಪ್ರೋಗ್ರಾಂ 2024ರಲ್ಲಿ ಕೊಟ್ಟ ವರದಿ ಹೇಳಿದ್ದೂ ನೀರಲ್ಲಿ ಈ 1.5ರ ಮೇಲಿನ ಮಟ್ಟದ ಬಗ್ಗೆನೇ, ಅಕ್ಕಿಕಾಳು ಪೇಸ್ಟಿನ ಬಗ್ಗೆ ಅಲ್ಲ.

ಟ್ಯೂಬೇ ತಿಂದ್ಬಿಟ್ರೆ? ನಮ್ಮ ಚಿಕ್ಕವಳು ತಿಂದಿದ್ಲು, ಬಚ್ಚಲಲ್ಲಿ ಮುಚ್ಚಳ ಒಂದ್ಕಡೆ, ಅವಳು ಒಂದ್ಕಡೆ, ಗಲ್ಲವೆಲ್ಲ ನೊರೆ. ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಫ್ಲೋರೈಡ್ ಹೋಗಿದ್ರೆ ತಕ್ಷಣ ಆಸ್ಪತ್ರೆ, ಅಂದ್ರೆ 10 ಕಿಲೋ ಮಗು 1000 ಪಿಪಿಎಂ ಪೇಸ್ಟ್ 50 ಗ್ರಾಂ ತಿಂದಿರ್ಬೇಕು, ದೊಡ್ಡವ್ರ 1500 ಪಿಪಿಎಂದಾದ್ರೆ 33 ಗ್ರಾಂ ಸಾಕು. ಅವಳು ತಿಂದಿದ್ದು ಹೆಚ್ಚಂದ್ರೆ ಎರಡು ಚಮಚ, ಹಾಲು ಕುಡ್ಸಿ ಅಂದ್ರು ಫೋನಲ್ಲಿ ಡಾಕ್ಟ್ರು, ಹಾಲಿನ ಕ್ಯಾಲ್ಸಿಯಂ ಫ್ಲೋರೈಡನ್ನ ಹಿಡ್ಕೊಳುತ್ತಂತೆ. ಬಲವಂತವಾಗಿ ವಾಂತಿ ಮಾಡಿಸ್ಬೇಡಿ. ಎಷ್ಟು ತಿಂದ್ರು ಗೊತ್ತಿಲ್ಲ, ಇಲ್ಲ ವಾಂತಿ ಹೊಟ್ಟೆನೋವು ಶುರುವಾಯ್ತು ಅಂದ್ರೆ ಟ್ಯೂಬ್ ಸಮೇತ ಎತ್ಕೊಂಡು ಹೋಗಿ.

ಆವತ್ತಿಂದ ಟ್ಯೂಬ್ ಮೇಲಿನ ಶೆಲ್ಫಲ್ಲಿದೆ. ಉಗುಳೋದು ಕಲ್ಸೋಕೆ ಬರೀ ನೀರಲ್ಲಿ ಸ್ನಾನದ ಹೊತ್ತಲ್ಲಿ ಆಟ ಆಡಿಸ್ದೆ, ಯಾರು ದೂರ ಉಗುಳ್ತಾರೆ ಅಂತ, 3 ತುಂಬೋ ಹೊತ್ತಿಗೆ ಚೆನ್ನಾಗೇ ಕಲ್ತ್ಲು, ಈಗ ಕನ್ನಡಿ ಒರೆಸೋದೊಂದು ದಿನಾ ಹೊಸ ಕೆಲಸ ನನಗೆ.