ಬ್ರಿಟನ್‌ಗೆ ಬಂದವರು ಆ 12 ತಿಂಗಳು ಮರೆಯಬೇಡಿ

ನಮ್ಮ ಭಾರತದ ಡಿಎಲ್ ಇಟ್ಟುಕೊಂಡು ಇಲ್ಲಿ ಕಾರು ಓಡಿಸಬಹುದು. ಆದರೆ ವಾಸಕ್ಕೆಂದು ಬಂದ ದಿನದಿಂದ 12 ತಿಂಗಳು ಮಾತ್ರ. ಊರಿಗೆ ಹೋಗಿ ಬಂದರೆ ಲೆಕ್ಕ ಮತ್ತೆ ಶುರುವಾಗುತ್ತದೆ ಅಂತ ಕೆಲವರು ಹೇಳುತ್ತಾರೆ, ನಂಬಬೇಡಿ.

ಆಸ್ಟ್ರೇಲಿಯಾ, ಜಪಾನ್ ಲೈಸೆನ್ಸ್‌ಗಳನ್ನು ಇಲ್ಲಿನ ಲೈಸೆನ್ಸ್‌ಗೆ ಬದಲಾಯಿಸಿ ಕೊಡುತ್ತಾರೆ. ನಮ್ಮದನ್ನು ಕೊಡುವುದಿಲ್ಲ. ಹಾಗಾಗಿ ಪ್ರಾವಿಷನಲ್ ಲೈಸೆನ್ಸ್ (ಕಲಿಯುವವರ ಲೈಸೆನ್ಸ್) ಮಾಡಿಸಿ, ಥಿಯರಿ ಮತ್ತು ಪ್ರಾಕ್ಟಿಕಲ್ ಟೆಸ್ಟ್ ಎರಡೂ ಪಾಸಾಗಲೇಬೇಕು. ಪ್ರಾಕ್ಟಿಕಲ್‌ಗೆ ದಿನಾಂಕ ಸಿಗುವುದೇ ದೊಡ್ಡ ಕಷ್ಟ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಬಂದ ಮೊದಲ ಎರಡು ತಿಂಗಳಲ್ಲೇ ಈ ಲೈಸೆನ್ಸ್ ಕೆಲಸ ಶುರು ಮಾಡಿ ಅಂತ ನನ್ನ ಸಲಹೆ.

ಗಡುವು ಮುಗಿದರೆ ನೀವು ಬರೀ ಕಲಿಯುವವರು. ಕಾರಿಗೆ ಎಲ್ ಬೋರ್ಡ್ ಬೇಕು, ಪಕ್ಕದಲ್ಲಿ 21 ದಾಟಿದ, ಮೂರು ವರ್ಷದಿಂದ ಪೂರ್ತಿ ಲೈಸೆನ್ಸ್ ಇರುವವರು ಕೂರಬೇಕು. ಸುಮ್ನೆ ಓಡಿಸಿದರೆ ಇನ್ಶೂರೆನ್ಸ್ ಕೂಡ ಕೈಕೊಡಬಹುದು.

ಆಮೇಲೆ, ಆಟೊಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಕೊಟ್ಟರೆ ಗೇರ್ ಕಾರು ಓಡಿಸುವಂತಿಲ್ಲ.