ಷೋಕೇಸ್ ಮೊದಲು ಖಾಲಿ ಮಾಡಿ

ಮದುವೆಗೆ ಬಂದ ಗಡಿಯಾರ, ಮಗ ಮೂರನೇ ಕ್ಲಾಸಿನಲ್ಲಿ ಗೆದ್ದ ಕಪ್, ಸನ್ಮಾನದ ಫಲಕ, ಕತ್ತು ವಾಲಿದ ಪ್ಲಾಸ್ಟಿಕ್ ಗುಲಾಬಿ. ನಮ್ಮ ಬಹುತೇಕ ಮನೆಗಳ ಷೋಕೇಸ್ ಅಂದರೆ ಗಾಜಿನ ಬಾಗಿಲಿರುವ ಅಟ್ಟವೇ. ಎಲ್ಲ ಇದ್ದರೂ ಬಂದವರ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ.

ಒಂದು ಭಾನುವಾರ ಎಲ್ಲವನ್ನೂ ತೆಗೆದು ಚಾಪೆಯ ಮೇಲೆ ಹರಡಿ, ಗಾಜು ಒರೆಸಿ. ಮೂರರಲ್ಲಿ ಒಂದು ಪಾಲು ಮಾತ್ರ ಒಳಗೆ ಹೋಗಲಿ. ಉಳಿದದ್ದನ್ನು ಎಸೆಯಬೇಕಿಲ್ಲ, ದಸರಾ ಗೊಂಬೆಗಳ ಹಾಗೆ ಹಳೇ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ, ಹಬ್ಬ ಬಂದಾಗ ಅದಲುಬದಲು ಮಾಡಿ.

ಜೋಡಿಸುವ ಗುಟ್ಟೂ ಗೊಂಬೆ ಕೂರಿಸುವುದರಲ್ಲೇ ಇದೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಮಿಕ್ಕವರೆಲ್ಲ ಪರಿವಾರ. ಹಾಗೆಯೇ ಪ್ರತಿ ಖಾನೆಗೂ ಪಟ್ಟದ ವಸ್ತು ಒಂದೇ ಇರಲಿ. ಎತ್ತರದ್ದು ಹಿಂದೆ, ನಟ್ಟನಡುವೆ ಬೇಡ, ಕೊಂಚ ಪಕ್ಕಕ್ಕೆ. ಅದರ ಮುಂದೆ ಮಧ್ಯಮದ್ದೊಂದು, ಗಿಡ್ಡದ್ದೊಂದು. ನಡುವೆ ನಾಲ್ಕು ಬೆರಳು ಜಾಗ ಬಿಡಿ. ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ಸಾಲು ಹಿಡಿಸಬೇಡಿ.

ಬಿದರಿ ಹೂಜಿ ಇದ್ದರೆ ಅದನ್ನೇ ಪಟ್ಟಕ್ಕೇರಿಸಿ. ಸತು ಮತ್ತು ತಾಮ್ರದ ಎರಕದ ಮೇಲೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡುವ ಕೆಲಸ ಅದು. ಹಿಂದೆ ಗಾಢ ಬಣ್ಣದ ಹಲಗೆ ಇದ್ದರೆ ಹೂಜಿ ಕಾಣುವುದೇ ಇಲ್ಲ. ಒಂದು ಕೆನೆಬಣ್ಣದ ಹಾಳೆ ಅಂಟಿಸಿ ನೋಡಿ, ಬೆಳ್ಳಿಯ ಎಳೆ ಎಳೆಯೂ ಎದ್ದು ಬರುತ್ತದೆ. ಹಿತ್ತಾಳೆ ದೀಪದ ಜೊತೆ ಅದಕ್ಕೂ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ನಾನು ಉಜ್ಜಿದ್ದೆ. ಕಪ್ಪು ಹೋಗಿ ಬೂದಿ ಬಣ್ಣ ಉಳಿಯಿತು. ಒಣಬಟ್ಟೆ, ಅಪರೂಪಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ, ಅಷ್ಟೇ ಸಾಕು.

ಚನ್ನಪಟ್ಟಣದ ಗೊಂಬೆಗಳನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಅವುಗಳ ಬಣ್ಣ ಅರಗಿನದು. ತಿರುಗುವ ಮರಕ್ಕೆ ಒತ್ತಿದಾಗ ಹುಟ್ಟುವ ಶಾಖಕ್ಕೇ ಕರಗಿ ಹತ್ತಿದ್ದು, ಬಿಸಿಲಿಗೂ ಮೆತ್ತಗಾಗಬಹುದು.

ಗೋಡೆಯ ಪಟಗಳ ವಿಷಯದಲ್ಲಿ ನಮ್ಮದು ಒಂದೇ ತಪ್ಪು, ತೀರಾ ಮೇಲೆ ಮೊಳೆ ಹೊಡೆಯುವುದು. ಪಟದ ಮಧ್ಯಭಾಗ ನೆಲದಿಂದ ಸುಮಾರು 5 ಅಡಿ ಎತ್ತರಕ್ಕೆ ಬಂದರೆ ಚೆನ್ನ. ಸೋಫಾದ ಮೇಲಾದರೆ ಅದರ ಬೆನ್ನಿನಿಂದ 6ರಿಂದ 8 ಅಂಗುಲ ಬಿಟ್ಟು ತೂಗುಹಾಕಿ. ಡ್ರಿಲ್ ತರುವ ಮುಂಚೆ ಪಟದ ಅಳತೆಗೆ ಪೇಪರ್ ಕತ್ತರಿಸಿ (ಓದಿ ಮುಗಿದ ಮೇಲೆ ಈ ಪುರವಣಿಯೇ ಆದೀತು) ಟೇಪಿನಲ್ಲಿ ಅಂಟಿಸಿ, ಎರಡು ದಿನ ನೋಡಿ.

ಬಾಗಿಲ ಬಳಿ ಉರುಳಿಯಲ್ಲಿ, ಅಂದರೆ ಅಗಲ ಬಾಯಿಯ ಲೋಹದ ಪಾತ್ರೆಯಲ್ಲಿ, ಹೂ ತೇಲಿಬಿಡುವವರು ದಿನಾ ನೀರು ಬದಲಿಸಿ; ಇಲ್ಲವಾದರೆ ಸೊಳ್ಳೆಗೆ ತೊಟ್ಟಿಲು ಕಟ್ಟಿದ ಹಾಗೆ.

ಇನ್ನು ಸನ್ಮಾನದ ಫಲಕಗಳು. ಇದು ಸೂಕ್ಷ್ಮದ ಕೆಲಸ, ಹೇಳದೆ ಕೇಳದೆ ಎತ್ತಿಡಬೇಡಿ. ನಮ್ಮ ಮಾವನವರ ಹನ್ನೊಂದು ಫಲಕಗಳನ್ನು ಅವರ ಮುಂದೆಯೇ ಇಟ್ಟು, "ಒಂದಕ್ಕೆ ಮಾತ್ರ ಜಾಗ ಇದೆ ಮಾವ, ನೀವೇ ಆರಿಸಿ" ಅಂದೆ. ಹಿತ್ತಾಳೆಯದನ್ನೋ ಗಂಧದ ಹಾರದ್ದನ್ನೋ ಮುಟ್ಟುತ್ತಾರೆ ಅಂದುಕೊಂಡಿದ್ದೆ. ಅವರು ತೆಗೆದದ್ದು ಊರಿನ ಶಾಲೆಯವರು ಕೊಟ್ಟಿದ್ದ, ಇನಿಷಿಯಲ್ ತಪ್ಪಾಗಿ ಕೆತ್ತಿದ್ದ ಸಣ್ಣ ಮರದ ಫಲಕ.