ತಿಂದದ್ದನ್ನೂ ತೂಗಿದೆ

ಅಮೀನಗಡದ ಸಂತೆಯಲ್ಲಿ ಟಗರನ್ನು ಬೆನ್ನ ಮೇಲೆ ಕೈಯೊತ್ತಿ, ತುಟಿ ಎತ್ತಿ ಹಲ್ಲು ನೋಡಿ ಕೊಳ್ಳುತ್ತಾರೆ. ಇಷ್ಟು ದಪ್ಪಗಾಗಲು ಇದು ಎಷ್ಟು ತಿಂದಿತು ಎಂದು ಯಾರೂ ಕೇಳುವುದಿಲ್ಲ. ಬಯಲಲ್ಲಿ ಮೇಯಿಸುವವನಿಗೆ ಆ ಪ್ರಶ್ನೆ ಬೇಕಾಗಿಯೂ ಇಲ್ಲ. ಹುನಗುಂದದ ಹತ್ತಿರ ಹೊಲದಲ್ಲಿ ಎಳಗ ತಳಿಯ ಕುರಿಗಳನ್ನು ಕಟ್ಟಿ ಮೇಯಿಸತೊಡಗಿ, ಹೊಟ್ಟು, ಹಿಂಡಿಯ ಖರ್ಚು ಬರೆದಿಟ್ಟಾಗ ನನಗೆ ಬೇಕಾಯಿತು.

ಬೀಜದ ಟಗರನ್ನು ಆರಿಸಲು ನಾಲ್ಕು ತಿಂಗಳ ಆಸುಪಾಸಿನ ಹತ್ತು ಗಂಡುಮರಿಗಳನ್ನು ಒಂದೊಂದು ಗೂಡಿನಲ್ಲಿ ಬಿಟ್ಟೆ. ಜಂತಿನ ಔಷಧ, ಲಸಿಕೆ ಮೊದಲೇ ಮುಗಿಸಿದೆ. ಜೋಳದ ಕಣಿಕೆ, ಕಡಲೆ ಹೊಟ್ಟು, ಗೋವಿನಜೋಳದ ನುಚ್ಚು, ಶೇಂಗಾ ಹಿಂಡಿ, ಉಪ್ಪು: ಎಲ್ಲಕ್ಕೂ ಒಂದೇ ಮಿಶ್ರಣ. ಮೂರು ವಾರ ರೂಢಿ ಮಾಡಿಸಲಿಕ್ಕೆ, ಅನಂತರ 70 ದಿನ ಲೆಕ್ಕಕ್ಕೆ. ನುಚ್ಚನ್ನು ಒಮ್ಮೆಲೇ ಹೆಚ್ಚು ಕೊಟ್ಟರೆ ಹೊಟ್ಟೆ ಹುಳಿಯಾಗಿ ಮರಿ ಮಲಗುತ್ತದೆ. ರೂಢಿಯ ವಾರಗಳನ್ನು ಉಳಿಸಲು ಹೋಗಬಾರದು.

ಹಾಕಿದ್ದನ್ನು ತೂಗುವುದು ಸುಲಭ, ಉಳಿದದ್ದನ್ನು ತೂಗುವುದೇ ಕಷ್ಟ. ಮೊದಲು ಕಣಿಕೆಯನ್ನು ಉದ್ದುದ್ದ ಕತ್ತರಿಸಿದ್ದೆ. ಮರಿಗಳು ಮೂತಿಯಿಂದ ಸರಿಸಿ ನುಚ್ಚು ಹೆಕ್ಕಿ ತಿಂದು ದಂಟು ಬಿಟ್ಟವು. ಎರಡು ಕಿಲೋ ಹಾಕಿ ಒಂದು ಕಿಲೋ ಉಳಿದರೆ, ತಿಂದ ಒಂದು ಕಿಲೋ ಯಾವುದು? ಸಣ್ಣಗೆ ಕತ್ತರಿಸಿದ ಮೇಲೆ ಆ ಗೋಳು ಕಡಿಮೆಯಾಯಿತು. ಅಷ್ಟರಲ್ಲಿ ಜಿಟಿಜಿಟಿ ಮಳೆ. ಉಳಿದ ಮೇವು ತಂಪು ಹೀರಿ ಭಾರವಾಯಿತು, ಎಲ್ಲ ಮರಿಗಳೂ ಉಪವಾಸವಿದ್ದಂತೆ ಲೆಕ್ಕ ತೋರಿಸಿತು. ಅಂದಿನಿಂದ ಪ್ರತಿ ಗೂಡಿನ ಉಳಿಕೆಯಿಂದ ಒಂದು ಹಿಡಿಯನ್ನು ಬಿಸಿಲು ಬಿದ್ದಾಗ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಒಣ ತೂಕವನ್ನೇ ಬರೆದೆ. ಸಾಲದ್ದಕ್ಕೆ ನಮ್ಮ ಮನೆಯ ಕೋಳಿಗಳು! ನಾಲ್ಕನೆಯ ಗೂಡಿನ ಮರಿ ಹೊಟ್ಟೆಬಾಕ ಎಂದುಕೊಂಡಿದ್ದೆ. ಮಧ್ಯಾಹ್ನ ಅಡಗಿ ಕುಳಿತು ನೋಡಿದರೆ ಗೋದಲಿಯಲ್ಲಿ ಎರಡು ಹುಂಜ. ಆ ಹತ್ತು ದಿನಗಳ ಲೆಕ್ಕವನ್ನು ಹೊಡೆದು ಹಾಕಿ ಮತ್ತೆ ಒಂದನೆಯ ದಿನದಿಂದ ಹಿಡಿದೆ.

ಮರಿಯ ತೂಕದಲ್ಲೂ ಮೋಸವಿದೆ. ನೀರು ಕುಡಿದು ಬಂದ ಮರಿ ಒಂದು ಕಿಲೋ ಹೆಚ್ಚೇ ತೂಗೀತು. ಆದ್ದರಿಂದ ಬೆಳಗ್ಗೆ ಮೇವು, ನೀರಿಗೆ ಮೊದಲೇ, ಆರಂಭದಲ್ಲೂ ಕೊನೆಯಲ್ಲೂ ಎರಡೆರಡು ದಿನ ತೂಗಿ ಸರಾಸರಿ ಹಿಡಿದೆ. ನಡುವೆ ಹದಿನೈದು ದಿನಕ್ಕೊಮ್ಮೆ.

ಮೂರನೆಯ ಮರಿ ದಿನಕ್ಕೆ 150 ಗ್ರಾಂ ಬೆಳೆಯಿತು, 1,050 ಗ್ರಾಂ ತಿಂದಿತು. ಏಳನೆಯದು 130 ಬೆಳೆದು 850 ತಿಂದಿತು. ಒಂಬತ್ತನೆಯದು ತಡವಾಗಿ ಹುಟ್ಟಿದ ಕುಳ್ಳ. 120 ಬೆಳೆದು 740 ತಿಂದಿತು. ಒಂದು ಕಿಲೋ ಬೆಳೆಯಲು ಬೇಕಾದ ಮೇವು ಕ್ರಮವಾಗಿ 7 ಕಿಲೋ, 6.5 ಕಿಲೋ, 6.2 ಕಿಲೋ. ಒಂಬತ್ತನೆಯದೇ ಗೆದ್ದಿತೆಂದು ಊಟದ ಹೊತ್ತಿಗೆ ಮನೆಯಲ್ಲಿ ಹೇಳಿಯೂ ಬಿಟ್ಟೆ.

ತಡೆದವನು ಕೃಷಿ ಓದುತ್ತಿರುವ ನನ್ನ ತಂಗಿಯ ಮಗ. "ಮಾಮಾ, ಅದರ ಮೈ ಸಣ್ಣದು. ಆ ಮೈ ಹೊರಲು ಬೇಕಾಗುವ ಮೇವೂ ಕಡಿಮೆ. ಅದು ಜಾಣತನವಲ್ಲ, ವಯಸ್ಸು" ಎಂದ. ಅಮೆರಿಕದಲ್ಲಿ ಮಾಂಸದ ದನಗಳಿಗಾಗಿ ರಾಬರ್ಟ್ ಕೋಚ್ ಮತ್ತು ಸಂಗಡಿಗರು 1963ರಲ್ಲೇ ಬೇರೊಂದು ಲೆಕ್ಕ ಕೊಟ್ಟಿದ್ದಾರಂತೆ: ಇಷ್ಟು ಮೈ ಇದ್ದು ಇಷ್ಟು ಬೆಳೆಯುವ ಪ್ರಾಣಿ ಎಷ್ಟು ತಿನ್ನಬೇಕು ಎಂದು ಗುಂಪಿನ ಅಂಕಿಗಳಿಂದಲೇ ಅಂದಾಜು ಮಾಡಿ, ನಿಜವಾಗಿ ತಿಂದದ್ದರಿಂದ ಅದನ್ನು ಕಳೆಯುವುದು. ಉಳಿಕೆ ಸೊನ್ನೆಗಿಂತ ಕೆಳಗಿದ್ದರೆ ಪ್ರಾಣಿ ಮಿತವ್ಯಯಿ. ಅವನು ಎಕ್ಸೆಲ್‌ನಲ್ಲಿ ಹಾಕಿ ತೋರಿಸಿದ: ಮೂರನೆಯದು 1,020 ತಿನ್ನಬೇಕಿತ್ತು, 30 ಹೆಚ್ಚು ತಿಂದಿದೆ. ಕುಳ್ಳನ ಅಂದಾಜು 720, ಅದೂ 20 ಹೆಚ್ಚು. ಏಳನೆಯದು 920 ತಿನ್ನಬೇಕಾದಲ್ಲಿ 70 ಗ್ರಾಂ ಕಡಿಮೆ ತಿಂದಿದೆ. ಹತ್ತೇ ಮರಿಗಳ ಅಂದಾಜು ಗಟ್ಟಿಯಲ್ಲ ಎಂದೂ ಅವನೇ ಹೇಳಿದ. ಒಪ್ಪಿದೆ, ಆದರೂ ಸಂತೆಯ ಕೈಯೊತ್ತಿಗಿಂತ ಇದನ್ನು ನಂಬಿದೆ.

ಏಳನೆಯದನ್ನು ಬೀಜಕ್ಕೆ ಉಳಿಸಿಕೊಂಡು ಮೂರನೆಯದನ್ನು ಸಂತೆಗೆ ಹೊಡೆದೆ. ಕಾಕಾ ಮೂರು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಅವರ ಕಣ್ಣಿಗೆ ಹಟ್ಟಿಯ ಶೋಭೆಯೇ ಹೋಗಿತ್ತು. ಅಪ್ಪನ ಮಿತವ್ಯಯ ಮಕ್ಕಳಿಗೆ ಎಷ್ಟು ಇಳಿಯುತ್ತದೆಂದು ನೋಡಲು, ಅದರ ಮರಿಗಳ ಜೊತೆಗೆ ಬೇರೆ ಟಗರಿನ ಮರಿಗಳನ್ನೂ ಈಗ ಗೂಡಿಗೆ ಹಾಕಿದ್ದೇನೆ. ಈ ಸಲ ಗೂಡುಗಳಿಗೆ ಮೊದಲೇ ಬಲೆ ಬಿಗಿದಿದ್ದೇನೆ. ಹುಂಜಗಳು ಹೊರಗೆ ಸುತ್ತು ಹೊಡೆಯುತ್ತಿವೆ.